ಈ ವರ್ಷದ ಕಡಲೆ ಹುಳಿ

ದಾಕ್ಷಾಯಣಿ ಮಾಡಿದ ತಾಮ್ರದ ಕಣಕ್ಕೆ ಹೊತ್ತುಗೊತ್ತು ತಿಳಿಯುತ್ತಿತ್ತು. ಇದು ಜಾಹೀರಾತಿನವರು ಬರೆದ ಮಾತಲ್ಲ, ಪ್ರಯೋಗಾಲಯದಲ್ಲಿ ಹತ್ತು ಸಲ ತೂಗಿ ಅಳೆದು ನೋಡಿದ ಮಾತು. ತಲೆಗೂದಲಿನ ದಪ್ಪದಲ್ಲಿ ಎರಡು ಸಾವಿರ ಕಣಗಳನ್ನು ಸಾಲಾಗಿ ನಿಲ್ಲಿಸಬಹುದು, ಅಷ್ಟು ಸಣ್ಣವು. ಒಂದೊಂದಕ್ಕೂ ಮೇಲೊಂದು ತೆಳ್ಳನೆಯ ಕವಚ. ಮಳೆಗೆ ಕರಗುವುದಿಲ್ಲ, ಬಿಸಿಲಿಗೆ ಬಿರಿಯುವುದಿಲ್ಲ. ಕಡಲೆ ಗಿಡ ಬೆಳಗಿನ ಜಾವ ಎಲೆಯ ತುಂಬ ಹುಳಿ ಹನಿ ಬೆವರುತ್ತದಲ್ಲ, ಆ ಹುಳಿ ತಾಗಿದರೆ ಮಾತ್ರ ಕವಚ ಒಂದಿಷ್ಟು ಬಿಚ್ಚಿ, ಗಿಡಕ್ಕೆ ಅಂದಿನ ಗುಟುಕು ತಾಮ್ರ ಕೊಟ್ಟು ಸುಮ್ಮನಾಗುತ್ತದೆ. ಮಾರನೆಯ ಜಾವ ಮತ್ತೊಂದು ಗುಟುಕು. ಹೀಗೆ ಹನ್ನೆರಡು ದಿನ.

ಬೆಳವಲದ ಕರಿಮಣ್ಣಿಗೆ ಒಂದು ಕೆಟ್ಟ ಚಾಳಿ ಇದೆ. ಒಡಲ ತುಂಬ ಸುಣ್ಣ ಇಟ್ಟುಕೊಂಡ ಮಣ್ಣು ಅದು. ನೀವು ತಾಮ್ರ ಹಾಕಿ, ಸತು ಹಾಕಿ, ಗಪ್ಪಂತ ಹಿಡಿದಿಟ್ಟುಕೊಂಡು ಬೇರಿಗೆ ಚೂರೂ ಬಿಟ್ಟುಕೊಡುವುದಿಲ್ಲ. ಸರಿ, ಎಲೆಗೇ ಸಿಂಪಡಿಸೋಣ ಎಂದರೆ ಒಮ್ಮೆಲೇ ಜಾಸ್ತಿಯಾಗಿ ಎಲೆ ಸುಟ್ಟು ಕರಕಲಾಗುತ್ತಿತ್ತು. ತಾಮ್ರ ಸಿಗದ ಗಿಡಕ್ಕೆ ಸೊರಗು ರೋಗ ಬಂದು, ಇಂದು ಹಸಿರಾಗಿದ್ದದ್ದು ನಾಳೆ ತಲೆ ಜೋಲು ಹಾಕುತ್ತಿತ್ತು. ದೇಶವಿದೇಶದ ಜಾಣರೆಲ್ಲ ಕವಚ ಬಿಚ್ಚಲು ಏನೇನೋ ಯಂತ್ರ, ಏನೇನೋ ರಾಸಾಯನಿಕ ಹುಡುಕುತ್ತಿದ್ದಾಗ, ದಾಕ್ಷಾಯಣಿ ಗಿಡದ ಕೈಗೇ ಕೀಲಿಕೈ ಕೊಟ್ಟಳು. ಕಡಲೆಯ ಹುಳಿ! ಇದು ಬೇರೆಯವರಿಗೆ ಹೊಳೆಯುವುದು ಸಾಧ್ಯವೇ ಇರಲಿಲ್ಲ. ಅದು ಹೊಳೆಯಬೇಕಾದರೆ ಚಿಕ್ಕಂದಿನಲ್ಲಿ ಚಳಿಗೆ ನಡುಗುತ್ತ ಕಡಲೆ ಹೊಲದಲ್ಲಿ ನಡೆದು ಕಾಲಿಗೆ ಉರಿ ಹತ್ತಿಸಿಕೊಂಡಿರಬೇಕು.

ಅವಳು ಹತ್ತಿಸಿಕೊಂಡಿದ್ದಳು. ಅವಳೂ ಅಕ್ಕ ಈರವ್ವನೂ ಎಳ್ಳಮಾವಾಸ್ಯೆಯ ಆಜುಬಾಜು ದಿನಗಳಲ್ಲಿ ಹೊತ್ತು ಮೂಡುವ ಮೊದಲೇ ಅಪ್ಪನ ಹಳೆಯ ಧೋತರ ಹಿಡಿದು ಹೊಲಕ್ಕೆ ಹೋಗುತ್ತಿದ್ದರು. ಗಿಡಗಳ ಮೇಲೆ ಧೋತರ ಹಾಸಿದರೆ ಮಂಜಿನ ಜತೆ ಹುಳಿಯನ್ನೆಲ್ಲ ಬಟ್ಟೆ ಹೀರಿಕೊಳ್ಳುತ್ತಿತ್ತು. ಆಮೇಲೆ ಇಬ್ಬರೂ ಎರಡು ತುದಿ ಹಿಡಿದು ಪಾತ್ರೆಯೊಳಗೆ ಹಿಂಡುವುದು. ಆ ಹುಳಿಯನ್ನು ಬಾಟ್ಲಿಗೆ ತುಂಬಿಟ್ಟರೆ ವರ್ಷವಿಡೀ ಮನೆಯ ಔಷಧ. ಅಜೀರ್ಣವೇ, ಹುಳಿ. ವಾಂತಿಯೇ, ಹುಳಿ. ಕೂಸಿನ ಹೊಟ್ಟೆ ಉಬ್ಬಿದೆಯೇ, ಜೇನಿನಲ್ಲಿ ಕಲಸಿ ನಾಲ್ಕು ಹನಿ ಹುಳಿ.

ಈರವ್ವನನ್ನು ಎರೆಹೊಸೂರಿಗೆ ಕೊಟ್ಟಿದ್ದರು. ತಾಮ್ರದ ಕಣದ ಔಷಧವನ್ನು ಮೊದಲ ಸಲ ಹೊಲದಲ್ಲಿ ಪರೀಕ್ಷೆ ಮಾಡಲು ದಾಕ್ಷಾಯಣಿ ಆರಿಸಿದ್ದು ಅದೇ ಊರು. ಅವಳು ಕೆಲಸ ಮಾಡುವ ಸಂಸ್ಥೆಯವರು ಡಬ್ಬಿಯ ಮೇಲೆ 'ಪರ್ಣಪೋಷ' ಎಂದು ಅಚ್ಚು ಹಾಕಿಸಿದ್ದರು. ಊರವರು ಆ ಹೆಸರಿನಿಂದ ಒಂದು ದಿನವೂ ಕರೆಯಲಿಲ್ಲ. ಅವರಿಗೆ ಹೊಲಕ್ಕೆ ಹೊಡೆಯುವುದೆಲ್ಲ ಎಣ್ಣಿ, ಇದು 'ದಾಕ್ಷಿ ಎಣ್ಣಿ'. ಈರವ್ವ ಮಾತ್ರ ಎದೆಯುಬ್ಬಿಸಿ, "ನಮ್ಮ ತಂಗಿ ಎಣ್ಣಿ" ಎನ್ನುತ್ತಿದ್ದಳು.

ಪರವಾನಗಿಯ ಅರ್ಜಿಯಲ್ಲಿ ಒಂದು ಕಾಲಮ್ಮಿತ್ತು: ಬೆಳೆಯ ಯಾವ ಯಾವ ಭಾಗ ಆಹಾರ? ಸಂಸ್ಥೆಯ ನಿರ್ದೇಶಕ ಡಾಕ್ಟರ್ ಪ್ರಾಣೇಶ ಜಾಲಿಹಾಳ 'ಕಾಳು' ಎಂದು ಬರೆದು ಕೈತೊಳೆದುಕೊಂಡಿದ್ದರು. ದಾಕ್ಷಾಯಣಿ ಜಗಳ ತೆಗೆದಳು.

"ಸರ್, ನಮ್ಮ ಕಡೆ ಹೆಣ್ಮಕ್ಕಳು ಕುಡಿ ಚಿವುಟಿ ಪಲ್ಯಾ ಮಾಡ್ತಾರ. ಹಸೀದೂ ತಿಂತಾರ. ಎಣ್ಣಿ ಹೊಡದ ಹನ್ನೆರಡು ದಿನ ಎಲಿ ಮುಟ್ಟಬಾರದು ಅಂತ ದಪ್ಪ ಅಕ್ಷರದಾಗ ಹಾಕಬೇಕು."

"ನೀವಿದ್ದೀರಿ ಅಂತ ಇದು ಗೊತ್ತಾತು ನೋಡ್ರಿ. ಹಳ್ಳಿಯವರು ಒಬ್ಬರರೆ ಇರಬೇಕು ಲ್ಯಾಬಿನಾಗ" ಎಂದು ಜಾಲಿಹಾಳರು ಖುಷಿಯಿಂದ ಬರೆದುಕೊಂಡರು.

ಕುಡಿಯಲ್ಲಿ, ಹಸಿ ಕಾಯಲ್ಲಿ, ಒಣ ಕಾಳಲ್ಲಿ, ದನದ ಹೊಟ್ಟಿನಲ್ಲಿ ತಾಮ್ರ ಎಷ್ಟಿದೆ ಎಂದು ಅಳೆದರು. ಹನ್ನೆರಡು ದಿನ ಕಳೆದ ಮೇಲೆ ಎಲ್ಲವೂ ಸರಿ ಇತ್ತು. ಹುಳಿಯನ್ನು ಯಾರೂ ಅಳೆಯಲಿಲ್ಲ. ಅದು ಆಹಾರವಲ್ಲ, ಮೇವಲ್ಲ, ಅರ್ಜಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಕವಚ ಬಿಚ್ಚುವ ಕೀಲಿಕೈ ಎಂದು ಹುಳಿಯ ಬಗ್ಗೆ ಮೂವತ್ತು ಪುಟ ಬರೆದ ಹೆಂಗಸಿಗೆ, ಅದೇ ಹುಳಿ ಬಾಟ್ಲಿಯಲ್ಲಿ ತುಂಬಿಕೊಂಡು ಮನೆಯ ಮಾಡದಲ್ಲಿ ಕೂತಿರುತ್ತದೆ ಎಂಬುದು ನೆನಪಾಗಲಿಲ್ಲ. ಏನು ಹೇಳುವುದು ಇದಕ್ಕೆ! ಕಲಿತವರ ತಲೆಯಲ್ಲಿ ಲ್ಯಾಬಿಗೊಂದು ಕೋಣೆ, ತವರಿಗೊಂದು ಕೋಣೆ. ನಡುವಿನ ಬಾಗಿಲು ಯಾವಾಗಲೋ ಮುಚ್ಚಿರುತ್ತದೆ.

ಆ ವರ್ಷ ಎರೆಹೊಸೂರಿನ ಕಡಲೆ ನೋಡಲು ಸುತ್ತಲ ಊರಿನವರು ಬಂದರು. ಸೊರಗು ರೋಗ ಬಂದ ಒಂದು ಗಿಡವನ್ನು ತೋರಿಸಿ ಎಂದರೆ ಹುಡುಕಬೇಕಾಗಿತ್ತು.

ಜನವರಿ ಎರಡನೆಯ ವಾರ ಈರವ್ವನ ಫೋನು ಬಂತು. ದಾಕ್ಷಾಯಣಿ ಆಗ ರಾಜ್ಯಕ್ಕೆಲ್ಲ ಔಷಧ ಬಿಡುಗಡೆ ಮಾಡುವ ಸಭೆಗೆ ಹೊರಟಿದ್ದಳು.

"ಅಕ್ಕ, ಲಗೂ ಹೇಳ, ಮೀಟಿಂಗ್ ಐತಿ."

"ಏನಿಲ್ಲವಾ, ಕೂಸಿಂದು. ಇಂಚರಾಂದು ಹೊಟ್ಟಿ ಉಬ್ಬೈತಿ, ಹಾಲು ಕಕ್ಕಾಕತ್ತೈತಿ. ಶಿವಲೀಲಾ ಡಾಕ್ಟರ್ ಕಡೆ ಹೋಗೂಣು ಅಂತಾಳ."

ಇಂಚರಾ ಅಂದರೆ ಈರವ್ವನ ಮಗ ಬಸವಂತನ ಮಗಳು, ಹತ್ತು ತಿಂಗಳ ಕೂಸು. ಶಿವಲೀಲಾ ಅದರ ತಾಯಿ, ಮಾತು ಕಡಿಮೆಯ ಹುಡುಗಿ.

"ಹಲ್ಲು ಬರಾಕತ್ತಾವೇನು?"

"ಎರಡ ಬಂದಾವು."

"ಮತ್ತ ಅದಕ್ಕ! ಇಷ್ಟಕ್ಕೆಲ್ಲಾ ಡಾಕ್ಟರ್ ಕಡೆ ಓಡಿದ್ರ ಬಣ್ಣದ ನೀರು ಬರದು ಕೊಡ್ತಾನ. ಮನ್ಯಾಗ ಹುಳಿ ಐತಿಲ್ಲ? ಜೇನಿನಾಗ ಕಲಸಿ ಅರ್ಧ ಚಮಚೆ, ದಿನಕ್ಕ ಮೂರ ಸಲ ಹಾಕ್ರಿ. ನಮಗ ಅವ್ವ ಅದನ್ನ ಹಾಕಿ ಬೆಳಸಿದ್ಲಿಲ್ಲೇನು?"

"ನಾನೂ ಅದನ್ನ ಹೇಳಿದ್ನೆವಾ! ಇಕಿ ಕೇಳಬೇಕಲ್ಲ. ಈಗ ನೀ ಹೇಳಿದ ಮ್ಯಾಲ ಕೇಳ್ತಾಳ ತಗೋ. ಈ ವರ್ಷದ ಹುಳಿ ಅಂತೂ ಭಾಳ ಜೋರ ಐತಿ ದಾಕ್ಷಿ. ಎಲಿ ಮುಟ್ಟಬ್ಯಾಡ್ರಿ ಅಂದಿದ್ದಿ, ನಾವ್ ಒಬ್ಬರೂ ಕುಡಿ ಚಿವುಟಿಲ್ಲ. ಸುಮ್ನ ಕುಂತು ಏನ್ ಮಾಡೂದಂತ ಎಲ್ಲಾರೂ ಅರಿವಿ ಹಾಸಿ ಹುಳಿ ಹಿಂಡೀವಿ. ನಾಕು ಬಾಟ್ಲಿ ಆಗೈತಿ ನಮ್ಮನ್ಯಾಗ!"

"ಚೊಲೋ ಆತು ಬಿಡು. ನನಗೊಂದು ಬಾಟ್ಲಿ ತಗದಿಡು" ಎಂದು ದಾಕ್ಷಾಯಣಿ ನಕ್ಕು ಫೋನಿಟ್ಟಳು. ಅಕ್ಕ ಹೇಳಿದ್ದನ್ನು ಅವಳ ಕಿವಿ ಮಾತ್ರ ಕೇಳಿತ್ತು. ಅವಳು ಸಭೆಗೆ ಹೋದಳು, ಚಪ್ಪಾಳೆ ಹೊಡೆಸಿಕೊಂಡಳು.

ಮೂರು ವಾರ ಕಳೆದ ಮೇಲೆ ಎರೆಹೊಸೂರಿನ ಆರೋಗ್ಯ ಕೇಂದ್ರದಿಂದ ಸಂಸ್ಥೆಗೆ ಒಂದು ಪತ್ರ ಬಂತು. ಊರಲ್ಲಿ ಮೂವತ್ತೊಂದು ಜನಕ್ಕೆ ಹೊಟ್ಟೆನೋವು, ವಾಂತಿ. ಹೊಲಕ್ಕೆ ಹೊಡೆದ ಹೊಸ ಔಷಧ ನೀರಿಗೆ ಸೇರಿರಬಹುದೇ? ಜಾಲಿಹಾಳರ ಮುಖ ಗಂಟಾಯಿತು. ಕೆರೆಯ ನೀರು, ಕೊಳವೆಬಾವಿಯ ನೀರು, ಮನೆಮನೆಯ ಹಂಡೆಯ ನೀರು ತರಿಸಿದರು. ದಾಕ್ಷಾಯಣಿ ತಾನೇ ಕೂತು ಯಂತ್ರಕ್ಕೆ ಹಾಕಿ ನೋಡಿದಳು. ನೀರಲ್ಲಿ ಏನೂ ಇರಲಿಲ್ಲ.

"ನಾ ಹೇಳಲಿಲ್ಲೇನ್ರಿ? ಎಳ್ಳಮಾವಾಸಿ ಹೋಳಿಗಿ ಜಾಸ್ತಿ ಆಗಿರಬೇಕು!" ಜಾಲಿಹಾಳರು ಮೇಜು ಬಡಿದು ನಕ್ಕರು.

ದಾಕ್ಷಾಯಣಿಯೂ ನಕ್ಕಳು. ನೀರು ಚೊಕ್ಕಟ, ಕಾಳು ಚೊಕ್ಕಟ, ಕುಡಿ ಯಾರೂ ಮುಟ್ಟಿಲ್ಲ. ಇನ್ನೇನು ಬೇಕು? ಹೊಟ್ಟೆನೋವು ಬಂದ ಮೂವತ್ತೊಂದು ಜನ ಏನು ಔಷಧ ತಗೊಂಡರು ಎಂದು ಕೇಳಬಹುದಿತ್ತು. ಕೇಳಲಿಲ್ಲ. ಹೊಟ್ಟೆ ನೊಂದಷ್ಟೂ ಅವರು ಹುಳಿ ಕುಡಿಯುತ್ತಿದ್ದರು, ಹುಳಿ ಕುಡಿದಷ್ಟೂ ಹೊಟ್ಟೆ ನೋಯುತ್ತಿತ್ತು. ದೊಡ್ಡವರ ಒಡಲು ಹೇಗೋ ತಡೆದುಕೊಂಡಿತು.

ಫೆಬ್ರವರಿಯ ಕೊನೆಗೆ ಕೂಸನ್ನು ಹುಬ್ಬಳ್ಳಿಯ ಒಂದು ಮಕ್ಕಳ ಆಸ್ಪತ್ರೆಗೆ ತಂದರು. ದಾಕ್ಷಾಯಣಿ ಓಡಿ ಹೋಗಿ ನೋಡಿದರೆ ಗುರುತೇ ಸಿಗಲಿಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಡೊಳ್ಳು, ಕಣ್ಣು ಅರಿಸಿನ. ಅಳಲಿಕ್ಕೂ ತ್ರಾಣವಿಲ್ಲದೆ ಮುಲುಗುತ್ತಿತ್ತು. ಶಿವಲೀಲಾ ಮಂಚದ ಅಂಚಿಗೆ ಕೂತಿದ್ದಳು, ತಲೆ ಎತ್ತಲಿಲ್ಲ.

ಮಕ್ಕಳ ಡಾಕ್ಟರ್ ನಸೀಮಾ ರಕ್ತದ ವರದಿ ಹಿಡಿದು ಬಂದರು. "ಯಕೃತ್ತು ಹಾಳಾಗೇತಿ. ಒಂದು ಮಾತು ಕೇಳ್ತೀನಿ ಅಜ್ಜಿ, ಕೂಸಿನ ಹಾಲು ಯಾವ ಪಾತ್ರೇದಾಗ ಕಾಸ್ತೀರಿ? ತಾಮ್ರದ್ದು, ಹಿತ್ತಾಳಿದು, ಕಲಾಯಿ ಹೋದದ್ದು ಏನರೆ ಐತೇನು ಮನ್ಯಾಗ? ಹಿಂದಕ ಇಂಥಾ ಕೂಸುಗಳನ್ನ ನೋಡ್ತಿದ್ವಿ, ಈಗ ಅಪರೂಪ."

ಈರವ್ವನಿಗೆ ಸಿಟ್ಟು ಬಂತು. "ಸ್ಟೀಲಿನ ಪಾತ್ರಿ ಡಾಕ್ಟರಬಾಯಾರ! ತಿಕ್ಕಿ ತೊಳದು ಇಡೂ ಮಂದಿ ನಾವು."

ತಾಮ್ರ ಎಂಬ ಮಾತು ಕಿವಿಗೆ ಬಿದ್ದಾಗ ದಾಕ್ಷಾಯಣಿ ವರದಿಯ ಕಡೆ ಕತ್ತು ಚಾಚಿದಳು. ಆದರೂ ಬುದ್ಧಿ ಓಡಲಿಲ್ಲ. ನೀರು ನೋಡಿದ್ದೇನೆ, ಕಾಳು ನೋಡಿದ್ದೇನೆ, ಎಂದು ತನಗೆ ತಾನೇ ಹೇಳಿಕೊಂಡಳು.

ಡಾಕ್ಟರು ಹೊರಗೆ ಹೋದದ್ದೇ ತಡ, ಈರವ್ವ ಕಿಟಕಿಯ ಕಡೆ ತಿರುಗಿ ಸೀರೆಯ ಸೆರಗಿನ ಮರೆಯಲ್ಲಿ ಚೀಲ ಬಿಚ್ಚಿದಳು. "ಇವರೇನು ಕೊಡ್ತಾರ ಬಿಡು. ಕಡೀ ಬಾಟ್ಲಿ ಉಳದಿತ್ತು, ತಂದೀನಿ. ನರ್ಸ್ ಬರೂದ್ರಾಗ ಒಂದು ಚಮಚೆ ಹಾಕಿಬಿಡೂಣು."

ಮಧ್ಯಾಹ್ನದ ಬಿಸಿಲು ಬಾಟ್ಲಿಯ ಮೇಲೆ ಬಿದ್ದಿತ್ತು. ಕಡಲೆ ಹುಳಿ ಅಂದರೆ ತಿಳಿ ಹಳದಿ ಇರಬೇಕು, ನಿಂತರೆ ಸ್ವಲ್ಪ ಕಂದಾಗಬೇಕು. ಇದು ಹಸಿರಿತ್ತು. ಗಿಳಿಮರಿಯ ಹಸಿರು.

"ಅಕ್ಕ, ಇದು ಯಾಕ ಹಿಂಗೈತಿ?"

"ಹೇಳಿದ್ನಿಲ್ಲ? ಈ ವರ್ಷದ್ದು ಜೋರ ಐತಿ ಅಂತ."

ದಾಕ್ಷಾಯಣಿ ಬಾಟ್ಲಿ ಕಸಿದುಕೊಂಡಳು. ಈರವ್ವ "ಹೇ, ಏನ ಮಾಡ್ತಿ? ಕೂಸಿನ ಔಷಧ ಅದು!" ಎಂದು ಕೂಗುತ್ತಿದ್ದಂತೆ ಮೆಟ್ಟಿಲಿಳಿದು ಓಡಿದಳು. ಐವತ್ತಕ್ಕೆ ಬಂದ ಹೆಂಗಸು, ಚಪ್ಪಲಿ ಹಾಕಿಕೊಳ್ಳಲೂ ಇಲ್ಲ.

ಸಂಸ್ಥೆಯ ಲ್ಯಾಬಿನಲ್ಲಿ ಯಂತ್ರ ಎಂಟು ನಿಮಿಷ ತೆಗೆದುಕೊಂಡಿತು. ಕುಡಿಯುವ ನೀರಿನಲ್ಲಿ ಎಷ್ಟು ತಾಮ್ರ ಇರಬಹುದೋ ಅದರ ಆರುನೂರು ಪಟ್ಟು. ಯಂತ್ರ ಕೆಟ್ಟಿದೆ ಎಂದುಕೊಂಡು ಮತ್ತೆ ಹಾಕಿದಳು. ಆರುನೂರ ನಾಲ್ಕು. ಮೂರನೆಯ ಸಲ ಹಾಕುವಾಗ ಹುಳಿ ಮೇಜಿನ ಮೇಲೆ ಚೆಲ್ಲಿತು. ಕಣ ಚೆನ್ನಾಗಿ ಕೆಲಸ ಮಾಡಿತ್ತು. ಹುಳಿ ತಾಗಿದ ಕೂಡಲೇ ಕವಚ ಬಿಚ್ಚಿತ್ತು, ತಾಮ್ರ ಕೊಟ್ಟಿತ್ತು. ಎಲೆ ಹೀರಿಕೊಳ್ಳುವ ಹೊತ್ತಿಗೆ ಸರಿಯಾಗಿ ಎರೆಹೊಸೂರಿನ ಹೆಂಗಸರು ಅರಿವೆ ಹಾಸಿ ಅದನ್ನು ಹೀರಿಸಿಕೊಂಡಿದ್ದರು.

ಅಲ್ಲೇ ನೆಲಕ್ಕೆ ಕೂತು ಹಣೆ ಹಣೆ ಬಡಿದುಕೊಂಡಳು. "ಅರ್ಧ ಚಮಚೆ ಅಂದೆ. ದಿನಕ್ಕ ಮೂರ ಸಲ ಅಂದೆ. ನಾನ ಅಂದೆ" ಎಂದು ಜೋರಾಗಿ ಹೇಳಿಕೊಂಡಳು. ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಡಾಕ್ಟರ್ ನಸೀಮಾ ತಾಮ್ರವನ್ನು ಮೈಯಿಂದ ಹೊರಗೆ ಎಳೆಯುವ ಔಷಧವನ್ನು ಅಂದೇ ಸಂಜೆ ಶುರು ಮಾಡಿದರು. "ತಿಂಗಳ ಹಿಂದ ತಿಳದಿದ್ರ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಇಂಚರಾ ನಾಲ್ಕು ದಿನ ಇತ್ತು. ಗುರುವಾರ ಬೆಳಿಗ್ಗೆ ಹತ್ತೂವರೆಗೆ ಹೋಯಿತು.

ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ದಾಕ್ಷಾಯಣಿ ಅಕ್ಕನ ಕೈ ಹಿಡಿದು ಎಲ್ಲ ಹೇಳಿದಳು. ಈರವ್ವ ಬಿಟ್ಟ ಕಣ್ಣು ಬಿಟ್ಟಂತೆ ಕೇಳಿದಳು.

"ಆದ್ರ ನಾವ್ ಎಲಿ ಮುಟ್ಟಿಲ್ಲಲ್ಲ ದಾಕ್ಷಿ" ಎಂದಳು ಕೊನೆಗೆ. "ನೀ ಹೆಂಗ ಹೇಳಿದ್ಯೋ ಹಂಗ ನಡಕೊಂಡೀವಿ."

"ಹೌದಕ್ಕ. ನೀವು ಏನೂ ತಪ್ಪು ಮಾಡಿಲ್ಲ."

"ಮತ್ತ ಯಾಕ ಹೋತು?"

ಇದಕ್ಕೆ ದಾಕ್ಷಾಯಣಿಯ ಬಳಿ ಮೂವತ್ತು ಪುಟದ ಉತ್ತರವಿತ್ತು.

ಜಾಲಿಹಾಳರು ಕೆಟ್ಟವರಲ್ಲ. ಕೂಸು ಸತ್ತದ್ದು ಕೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಕನ್ನಡಕ ಹಾಕಿಕೊಂಡು ಒಂದು ಕಾಗದ ಮುಂದಿಟ್ಟರು. ಡಬ್ಬಿಯ ಮೇಲೆ ಇನ್ನೊಂದು ಸಾಲು: 'ಸಿಂಪಡಣೆಯಾದ ಬೆಳೆಯ ಮೇಲೆ ಬಟ್ಟೆ ಹಾಸಿ ಹುಳಿ ಸಂಗ್ರಹಿಸಬಾರದು.' ಸರಕಾರಕ್ಕೆ ಕಳಿಸುವ ವರದಿಯಲ್ಲಿ ಇನ್ನೊಂದು: 'ಸ್ಥಳೀಯರ ಅವೈಜ್ಞಾನಿಕ ಪದ್ಧತಿಯಿಂದ ಒಂದು ಅಹಿತಕರ ಘಟನೆ ನಡೆದಿದೆ.'

"ಇದರ ಮ್ಯಾಲೆ ನಾ ಸಹಿ ಮಾಡೂದಿಲ್ಲ ಸರ್. ಅವೈಜ್ಞಾನಿಕ ಪದ್ಧತಿ ಅವರದಲ್ಲ, ನಂದು. ಔಷಧ ನಿಲ್ಲಸ್ರಿ. ಇನ್ನೂ ಎಲ್ಲೆಲ್ಲಿ ಯಾವ ಊರಾಗ ಏನೇನು ಹಿಂಡತಾರೋ, ಏನೇನು ನೆಕ್ಕತಾರೋ, ನಮಗ ಗೊತ್ತೈತೇನು? ಎರಡು ವರ್ಷ ಊರೂರು ತಿರುಗಿ ಕೇಳೂಣು. ಆಮ್ಯಾಲೆ ಬಿಡೂಣು."

"ದಾಕ್ಷಾಯಣಿ, ಹದಿನೆಂಟು ಜಿಲ್ಲೆಯವರು ಬಾಗಲಾಗ ನಿಂತಾರ."

"ಹಂಗಾದ್ರ ನಾನ ಎರೆಹೊಸೂರಿಗೆ ಹೋಗಿ ಎಲ್ಲಾ ಹೇಳಿಬಿಡ್ತೀನಿ. ಅವರ ನಿಲ್ಲಸ್ರಿ ಅಂತಾರ."

ಜಾಲಿಹಾಳರು ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. "ಹೋಗಿ ಹೇಳ್ರಿ. ಬ್ಯಾಡ ಅಂದವರ್ಯಾರು?" ಎಂದರು. ಆ ಮಾತಿನಲ್ಲಿ ಸಿಟ್ಟೂ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ.

ಎರೆಹೊಸೂರಿನ ಬಸವಣ್ಣನ ಗುಡಿಯ ಮುಂದೆ ಊರು ಕೂಡಿತು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಬೇವಿನ ಗಿಡದ ಕೆಳಗೆ. ದಾಕ್ಷಾಯಣಿ ನಿಂತು ಒಂದೂ ಬಿಡದೆ ಹೇಳಿದಳು. ಕವಚ ಎಂದರೆ ಏನು, ಹುಳಿ ತಾಗಿದರೆ ಏನಾಗುತ್ತದೆ, ಅರಿವೆಗೆ ತಾಮ್ರ ಹೇಗೆ ಬಂತು, ನಿಮ್ಮ ಹೊಟ್ಟೆ ಯಾಕೆ ನೊಂದವು. ತಾನು ಹುಳಿಯನ್ನು ಪರೀಕ್ಷೆ ಮಾಡಲಿಲ್ಲ ಎಂದಳು. ಫೋನಿನಲ್ಲಿ ಕೂಸಿಗೆ ಹುಳಿ ಹಾಕಿರಿ ಎಂದದ್ದೂ ತಾನೇ ಎಂದಳು. ಬೈಯಲಿ, ಕಲ್ಲು ಹೊಡೆಯಲಿ, ಎಂದು ಗಟ್ಟಿಯಾಗಿ ನಿಂತಿದ್ದಳು. ನಿಜ ಹೇಳಬೇಕೆಂದರೆ ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಯಾರೂ ಬೈಯಲಿಲ್ಲ. ಚನ್ನಬಸಪ್ಪ ಎಂಬ ಹಿರಿಯ ಗಂಟಲು ಸರಿಮಾಡಿಕೊಂಡ. "ಅಂದ್ರ ಬಾಯಾರ, ಅರಿವಿ ಹಾಸೂದು ಬಿಟ್ರ ಆತಿಲ್ಲ?"

"ಹುಳಿಗೇನು, ಅಂಗಡ್ಯಾಗ ಹೊಟ್ಟಿ ಗುಳಗಿ ಸಿಗತಾವು" ಎಂದ ಇನ್ನೊಬ್ಬ.

"ಅಲ್ರೀ, ಕೂಸು ಸತ್ತೈತಿ!" ದಾಕ್ಷಾಯಣಿಯ ದನಿ ಸೀಳಿತು. "ನಾಳೆ ಇನ್ನೊಂದು ಯಾವುದರಾಗ ಸೇರತೈತೋ ನನಗ ಗೊತ್ತಿಲ್ಲ. ಗೊತ್ತಿಲ್ಲ ಅಂತ ನಾ ಹೇಳಾಕತ್ತೀನಿ. ಎಣ್ಣಿ ಬ್ಯಾಡ ಅಂತ ಒಂದು ಕಾಗದಕ್ಕ ಊರವರೆಲ್ಲಾ ಸಹಿ ಹಾಕಿ ಕೊಡ್ರಿ, ಬಾಕಿದು ನಾ ನೋಡಕೋತೀನಿ."

ಕಟ್ಟೆಯ ಮೇಲೆ ಗುಸುಗುಸು ಆಯಿತು. ಆಗ ಬಸವಂತ ಎದ್ದು ನಿಂತ. ಸತ್ತ ಕೂಸಿನ ಅಪ್ಪ ಎದ್ದನೆಂದು ಎಲ್ಲರೂ ಸುಮ್ಮನಾದರು. ದಾಕ್ಷಾಯಣಿಗೆ ಜೀವ ಬಂದಂತಾಯಿತು.

ಅವನು ನೆಲ ನೋಡುತ್ತ ಮಾತಾಡಿದ. "ಚಿಗವ್ವ, ನೀ ತಪ್ಪಾತು ಅಂದಿ. ಆತು. ಹೋದ ಕೂಸು ಬರೂದಿಲ್ಲ. ಏಳು ವರ್ಷಾತು, ನನ್ನ ಹೊಲದಾಗ ಕಡ್ಲಿ ಒಣಗದ ಒಂದು ವರ್ಷ ನೋಡಿಲ್ಲ. ಈ ವರ್ಷ ನೋಡೀನಿ. ಹುಳಿ ಬಿಡಂದ್ರ ಬಿಡತೀನಿ. ಮುಂದಿನ ಹಿಂಗಾರಿಗೆ ಎಣ್ಣಿ ಸಿಗತೈತಿಲ್ಲೋ, ಅಷ್ಟು ಹೇಳು."

"ಹೌದ್ರಿ, ಅದನ್ನ ಹೇಳ್ರಿ" ಎಂದು ನಾಲ್ಕಾರು ದನಿ ಎದ್ದವು. ಸಭೆ ಮುಗಿದುಹೋಯಿತು. ಗಂಡಸರು ಧೋತರ ಕೊಡವಿಕೊಂಡು ಎದ್ದರು. ಒಬ್ಬ ಮುದುಕ ಹೋಗುತ್ತ ಹೋಗುತ್ತ, "ನೀವೇನೂ ಮನಸಿಗೆ ಹಚಗೋಬ್ಯಾಡ್ರಿ ತಾಯಿ" ಎಂದು ಅವಳಿಗೇ ಸಮಾಧಾನ ಹೇಳಿದ.

ಬೇವಿನ ಗಿಡದ ಕೆಳಗೆ ಶಿವಲೀಲಾ ಒಬ್ಬಳೇ ಉಳಿದಿದ್ದಳು. ದಾಕ್ಷಾಯಣಿ ಹೋಗಿ ಅವಳ ಪಕ್ಕ ಕೂತಳು. ಆ ಹುಡುಗಿ ಅತ್ತಿದ್ದನ್ನು ಯಾರೂ ನೋಡಿರಲಿಲ್ಲ.

"ನೀನರೆ ಹೇಳ ಶಿವಲೀಲಾ. ನೀ ತಾಯಿ. ನೀ ಬ್ಯಾಡ ಅಂದ್ರ ಬಸವಂತ ಕೇಳತಾನ, ಊರು ಕೇಳತೈತಿ. ನಿನ್ನ ಮನಸಿನಾಗ ಏನೈತಿ?"

ಶಿವಲೀಲಾ ಮೆಲ್ಲಗೆ ಹೇಳಿದಳು:

"ಇವತ್ತ ಕೇಳಾಕ ಬಂದೀರಿ ಸಣ್ಣತ್ತಿ. ಆವತ್ತ ಕೇಳಿದ್ರ ಹೇಳ್ತಿದ್ದೆ. ಕೂಸಿಗೆ ಅದು ಬ್ಯಾಡಾಗಿತ್ತು. ಚಮಚೆ ಕಂಡ್ರ ಮಾರಿ ತಿರವತಿತ್ತು, ತುಟಿ ಬಿಗಿ ಹಿಡೀತಿತ್ತು, ಬಾಯಾಗ ಹಾಕಿದ್ದನ್ನ ಉಗಳತಿತ್ತು. ನನಗ ಅನಸತಿತ್ತು, ಬ್ಯಾಡ, ಬ್ಯಾಡ ಅಂತ. ಆದ್ರ ನೀವು ಭಾಳ ಕಲಿತವರು, ನೀವ್ ಹೇಳೀರಿ ಅಂದ್ರು." ತನ್ನ ಎರಡು ಬೆರಳುಗಳನ್ನು ನೋಡಿಕೊಂಡಳು. "ಅದಕ್ಕ ನಾ ಮೂಗು ಹಿಡದು ಕುಡಿಸಿದೆ. ದಿನಕ್ಕ ಮೂರ ಸಲ."

ಅವಳು ಎದ್ದು ಸೀರೆಗೆ ಹತ್ತಿದ ಮಣ್ಣು ಕೊಡವಿಕೊಂಡು ಮನೆಯ ಕಡೆ ಹೋದಳು. ದಾಕ್ಷಾಯಣಿ ಅಲ್ಲೇ ಕೂತಿದ್ದಳು.